ಓದುಗರ ಪ್ರಶ್ನೆ: ಮನೆಯ ಪ್ಲಗ್ಗು, ಹೆದ್ದಾರಿಯ ಗನ್ನು

ಎಲೆಕ್ಟ್ರಿಕ್ ಕಾರಿನ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಹೆದ್ದಾರಿಯ ಚಾರ್ಜರ್ ಬಗ್ಗೆ. ಆದರೆ ಈ ಕಾರು ಸುಖ ಕೊಡುತ್ತದೋ ಕಾಟ ಕೊಡುತ್ತದೋ ಎಂಬುದು ಮುಕ್ಕಾಲು ಪಾಲು ತೀರ್ಮಾನವಾಗುವುದು ಮನೆಯ ಗೋಡೆಯಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರನ್ನು ಪೋರ್ಟಿಕೋದಲ್ಲಿರುವ 16 ಆಂಪ್ ಪ್ಲಗ್ಗಿಗೆ ಹಾಕುತ್ತಿದ್ದೇವೆ. ಕೆಲವೇ ತಿಂಗಳಲ್ಲಿ ಸಾಕೆಟ್ ಕಂದುಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆಯೂ ಬರುತ್ತಿದೆ. ಇಂಥದೇ ಪ್ಲಗ್ಗಿನಲ್ಲಿ ಗೀಸರ್ ವರ್ಷಗಟ್ಟಲೆ ಓಡುತ್ತಿದೆಯಲ್ಲ?
– ಕುವೆಂಪುನಗರ, ಮೈಸೂರು

ಮೊದಲು ಆ ಪ್ಲಗ್ಗಿನಲ್ಲಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಇವತ್ತೇ.

ಗೀಸರ್ ಎಳೆಯುವುದು ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಥರ್ಮೋಸ್ಟಾಟ್ ಕತ್ತರಿಸುತ್ತದೆ, ಸಾಕೆಟ್ ತಣ್ಣಗಾಗುತ್ತದೆ. ಕಾರು ಹಾಗಲ್ಲ. 13–14 ಆಂಪ್‌ನಂತೆ ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನ ಒಳಗೆ ಪಿನ್ನು ಕಚ್ಚಿಕೊಳ್ಳುವ ಕಡೆ, ಅಥವಾ ವೈರನ್ನು ಸ್ಕ್ರೂ ಹಿಡಿದಿರುವ ಕಡೆ, ಬರೀ 0.1 ಓಮ್ ಪ್ರತಿರೋಧ ಬಂದರೂ 14 ಆಂಪ್‌ಗೆ ಅಲ್ಲಿ ಸುಮಾರು 20 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ಕಿನೊಳಗೆ ಇಟ್ಟು ರಾತ್ರಿಯಿಡೀ ಬಿಟ್ಟಂತೆ ಅದು. ಶಾಖಕ್ಕೆ ಹಿತ್ತಾಳೆಯ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಕಡಿಮೆಯಾದಷ್ಟೂ ಪ್ರತಿರೋಧ ಏರುತ್ತದೆ, ಶಾಖ ಇನ್ನೂ ಹೆಚ್ಚುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇದನ್ನು ಹಿಡಿಯುವುದಿಲ್ಲ. ಅದಕ್ಕೆ ಕಾಣುವುದು ಆಂಪ್ ಮಾತ್ರ, ಆಂಪ್ ಸರಿಯಾಗಿಯೇ ಇದೆ.

ಬರೀ ಸಾಕೆಟ್ ಬದಲಾಯಿಸಿದರೆ ಮತ್ತೆ ಅದೇ ಕಥೆ. ಡಿಬಿಯಿಂದ (ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬಿ) ಕಾರು ನಿಲ್ಲುವ ಜಾಗಕ್ಕೆ ಬೇರೆಯದೇ ಲೈನ್ ಎಳೆಸಿ: 4 ಸ್ಕ್ವೇರ್ ಎಂಎಂ ತಾಮ್ರದ ವೈರು, ದೂರ 25 ಮೀಟರ್ ದಾಟಿದರೆ 6. ನಡುವೆ ಎಲ್ಲೂ ಜಾಯಿಂಟ್ ಇರಬಾರದು. ಡಿಬಿಯಲ್ಲಿ ಆ ಲೈನಿಗೆಂದೇ 20 ಆಂಪ್‌ನ ಸಿ-ಕರ್ವ್ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ. ಆರ್‌ಸಿಸಿಬಿ ಕೊಳ್ಳುವಾಗ ‘ಟೈಪ್ ಎ’ ಎಂದು ಕೇಳಿ ಪಡೆಯಿರಿ. ಅಂಗಡಿಯಲ್ಲಿ ಸುಮ್ಮನೆ ಕೊಡುವುದು ಟೈಪ್ ಎಸಿ. ಕಾರಿನ ಚಾರ್ಜರ್‌ನಂಥ ಉಪಕರಣದಿಂದ ಸೋರುವ ಕರೆಂಟ್ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಸುಟ್ಟ ಸಾಕೆಟ್ಟಿನ ಹಿಂದಿನ ವೈರಿನ ತುದಿ ಕಪ್ಪಾಗಿರುತ್ತದೆ. ಅದೇ ವೈರನ್ನು ಉಳಿಸಿಕೊಳ್ಳುವುದಾದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಬೇಕು.

ಹೊಸ ಸಾಕೆಟ್ ಹಾಕಿದ ದಿನ ಅರ್ಧ ಗಂಟೆ ಚಾರ್ಜ್ ಮಾಡಿ, ಪ್ಲಗ್ಗಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಎಲ್ಲೋ ಸಡಿಲವಿದೆ. ಎಕ್ಸ್‌ಟೆನ್ಷನ್ ಬೋರ್ಡ್ ಮಾತೇ ಬೇಡ. ಪೋರ್ಟಬಲ್ ಚಾರ್ಜರಿನ ಮೂರು ಪಿನ್ ಪ್ಲಗ್ ಕತ್ತರಿಸಿ ಬೇರೆ ಹಾಕುವುದೂ ಬೇಡ. ಕೆಲವು ಕಂಪನಿಯವರು ಶಾಖ ಅಳೆಯುವ ಸೆನ್ಸರನ್ನು ಆ ಪ್ಲಗ್ಗಿನೊಳಗೇ ಇಟ್ಟಿರುತ್ತಾರೆ.

7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಬೇಕೆನ್ನುವವರು 32 ಆಂಪ್ ಲೆಕ್ಕ ಹಿಡಿಯಬೇಕು: 6 ಸ್ಕ್ವೇರ್ ಎಂಎಂ ವೈರು, 40 ಆಂಪ್ ಎಂಸಿಬಿ. ಮನೆಗೆ ಮಂಜೂರಾದ ಲೋಡ್ 2–3 ಕಿಲೋವ್ಯಾಟ್ ಇದ್ದರೆ ಮೊದಲು ಈ ಕಡೆ ಕರೆಂಟ್ ಕೊಡುವ ಸೆಸ್ಕ್‌ಗೆ ಅರ್ಜಿ ಹಾಕಿ ಲೋಡ್ ಏರಿಸಿಕೊಳ್ಳಬೇಕು, ಮೂರು ಫೇಸ್ ಬೇಕಾಗಲೂಬಹುದು. ಕೊಳ್ಳುವ ಮುಂಚೆ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ ಎಷ್ಟಕ್ಕೆ ಮಾಡಿದ್ದು ಎಂದೂ ನೋಡಿ. ಅದು 3.3 ಆಗಿದ್ದರೆ ಗೋಡೆಗೆ ಏನೇ ಹಾಕಿಸಿದರೂ ಕಾರು ತೆಗೆದುಕೊಳ್ಳುವುದು 3.3 ಮಾತ್ರ. ದಿನಕ್ಕೆ 40–50 ಕಿ.ಮೀ. ಓಡಿಸುವವರಿಗೆ 16 ಆಂಪ್‌ನ ಒಳ್ಳೆಯ ಪಾಯಿಂಟ್ ಧಾರಾಳವಾಗಿ ಸಾಕು.

ಚಾರ್ಜರಿನಲ್ಲಿ ಕೆಂಪು ದೀಪ ಬಂದು ‘ಅರ್ತ್ ಫಾಲ್ಟ್’ ತೋರಿಸುತ್ತದೆ. ನ್ಯೂಟ್ರಲನ್ನೂ ಅರ್ತನ್ನೂ ಸೇರಿಸಿಬಿಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ ನಮ್ಮ ಎಲೆಕ್ಟ್ರಿಷಿಯನ್.
– ಮಳವಳ್ಳಿ

ದೀಪ ಹಸಿರಾಗುತ್ತದೆ, ನಿಜ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಎಂದಾದರೂ ಕಡಿದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತದೆ. ಆ ಎಲೆಕ್ಟ್ರಿಷಿಯನ್‌ಗೆ ಕೈ ಮುಗಿದು ಕಳಿಸಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದರೆ 2–3 ವೋಲ್ಟ್ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಅರ್ತ್ ಗುಂಡಿ ಒಣಗಿದೆ, ಇಲ್ಲವೇ ಪೈಪಿಗೆ ವೈರ್ ಕಟ್ಟಿದ ಕಡೆ ತುಕ್ಕು ಹಿಡಿದಿದೆ. ನಮ್ಮ ಕೆಂಪುಮಣ್ಣಿನ ಕಡೆ ಮಾರ್ಚ್–ಏಪ್ರಿಲ್‌ನಲ್ಲಿ ಈ ದೂರು ಜಾಸ್ತಿ. ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಸರಿಹೋದರೆ ಕಾರಣ ಗೊತ್ತಾಯಿತು, ಪರಿಹಾರ ಸಿಕ್ಕಿತು ಎಂದಲ್ಲ. ಹೊಸ ಎಲೆಕ್ಟ್ರೋಡ್ ಹಾಕಿಸಿ, ಪ್ರತಿರೋಧ 5 ಓಮ್‌ಗಿಂತ ಕೆಳಗಿದೆಯೇ ಎಂದು ಮೀಟರ್ ಇಟ್ಟು ಅಳೆಸಿ.

ಮನೆಗೆ ಗೃಹಜ್ಯೋತಿ ಇದೆ, ಬಿಲ್ ಸೊನ್ನೆ. ತಿಂಗಳಿಗೆ 95 ಯೂನಿಟ್ ಸುಡುತ್ತೇವೆ. ಕಾರು ತಂದರೆ ಏನಾಗುತ್ತದೆ?
– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಲೆಕ್ಕ ಹಾಕೋಣ. ನಿಮ್ಮ ಉಚಿತ ಮಿತಿ ಎಂದರೆ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಆಗಲೂ 95 ಯೂನಿಟ್ಟೇ ಇತ್ತು ಎಂದುಕೊಂಡರೆ ಸುಮಾರು 104. ಕಾರು ಒಂದು ಯೂನಿಟ್ಟಿಗೆ 7 ಕಿ.ಮೀ. ಓಡುತ್ತದೆ. ಆದರೆ ಮೀಟರಿನಿಂದ ಹೊರಟ ಕರೆಂಟೆಲ್ಲ ಬ್ಯಾಟರಿ ಸೇರುವುದಿಲ್ಲ, ದಾರಿಯಲ್ಲಿ ಹತ್ತು ಹನ್ನೆರಡು ಪರ್ಸೆಂಟ್ ಶಾಖವಾಗಿ ಹೋಗುತ್ತದೆ.

ತಿಂಗಳಿಗೆ 500 ಕಿ.ಮೀ. ಓಡಿಸಿದರೆ ಮೀಟರಿನಲ್ಲಿ ಸುಮಾರು 80 ಯೂನಿಟ್, ಮನೆಯದೂ ಸೇರಿ 175. ಮಿತಿ ದಾಟಿದ 70 ಯೂನಿಟ್ ಚಿಲ್ಲರೆಗೆ ಮಾತ್ರ ದುಡ್ಡು. 800 ಕಿ.ಮೀ. ಓಡಿಸಿದರೆ ಕಾರಿಗೇ 130, ಒಟ್ಟು 225. ಇನ್ನೂರು ದಾಟಿತು, ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 1,350, ಜೊತೆಗೆ ನಿಗದಿತ ಶುಲ್ಕ. ಲೋಡ್ ಏರಿಸಿಕೊಂಡಿದ್ದರೆ ನಿಗದಿತ ಶುಲ್ಕವೂ ಅದಕ್ಕೆ ತಕ್ಕಂತೆ ಏರಿರುತ್ತದೆ.

ಸೊನ್ನೆ ಬಿಲ್ ಹೋಯಿತಲ್ಲ ಎಂದು ಹೊಟ್ಟೆ ಉರಿಯುವುದು ಸಹಜ. ಆದರೆ ಅದೇ 800 ಕಿ.ಮೀ.ಗೆ ಪೆಟ್ರೋಲ್ ಕಾರಿಗೆ 50 ಲೀಟರ್ ಬೇಕು, ಐದು ಸಾವಿರದ ಮೇಲೆ. ಇನ್ನೂರರ ಗಡಿಯಲ್ಲೇ ಇರುವವರು ತಿಂಗಳ ಕೊನೆಯ ವಾರ ಮೀಟರ್ ನೋಡಿಕೊಂಡು, ಒಂದೆರಡು ಚಾರ್ಜನ್ನು ರೀಡಿಂಗ್ ಆದ ಮೇಲಕ್ಕೆ ತಳ್ಳಬಹುದು. ಬಹಳ ಓಡಿಸುವವರಿಗೆ ಇನ್ನೊಂದು ದಾರಿಯಿದೆ. ರಾಜ್ಯದ ದರಪಟ್ಟಿಯಲ್ಲಿ ವಾಹನ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಎಂಬ ಬೇರೆ ವರ್ಗ ಇದೆ. ಕಾರಿಗೆಂದೇ ಎರಡನೇ ಮೀಟರ್ ಕೊಡುತ್ತಾರಾ, ಅದಕ್ಕೆ ಠೇವಣಿ ಎಷ್ಟು ಎಂದು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಕೇಳಿ.

ಚಾವಣಿಯಲ್ಲಿ ಜಾಗ ಇದ್ದವರು ಸೋಲಾರನ್ನೂ ಯೋಚಿಸಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ.

ಸಂಜೆ ಹೊತ್ತು ವೋಲ್ಟೇಜ್ ಬಿದ್ದು ಚಾರ್ಜಿಂಗ್ ನಿಂತುಹೋಗುತ್ತದೆ. ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡಿಕೊಳ್ಳಬಹುದೆ? ಹೇಗೂ ಫ್ರೀ.
– ಪಾಂಡವಪುರ ತಾಲ್ಲೂಕು

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಪಂಪ್‌ಸೆಟ್ ಕರೆಂಟ್ ಪಂಪಿಗೆ ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ ಹಾಕಿ ವಸೂಲಿ ಮಾಡುತ್ತಾರೆ. ಕಾನೂನು ಬಿಡಿ, ಕಾರಿನ ಗತಿ ಏನು? ಪಂಪಿನ ಸ್ಟಾರ್ಟರ್ ಡಬ್ಬಿಗೆ ಬರುವುದು ಮೂರು ಫೇಸು, ಎಷ್ಟೋ ಕಡೆ ನ್ಯೂಟ್ರಲ್ ಇರುವುದೇ ಇಲ್ಲ. ಎರಡು ಫೇಸಿನ ನಡುವೆ ಪ್ಲಗ್ ಸಿಕ್ಕಿಸಿದರೆ 400 ವೋಲ್ಟ್ ಮೇಲೆ. ಮೊದಲ ಏಟಿಗೇ ಪೋರ್ಟಬಲ್ ಚಾರ್ಜರ್ ಹೋಗುತ್ತದೆ, ಅದರ ಹಿಂದೆ ಕಾರಿನೊಳಗಿನದೂ ಹೋಗಬಹುದು. ವಾರಂಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಇನ್ನು ವೋಲ್ಟೇಜ್. ಚಾರ್ಜರ್‌ಗಳು ಸಾಮಾನ್ಯವಾಗಿ 180 ವೋಲ್ಟ್ ಆಸುಪಾಸಿಗೆ ಇಳಿದರೆ ತಾವೇ ನಿಲ್ಲಿಸುತ್ತವೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಬೇರೆ ಫೀಡರ್ (ಪಂಪುಗಳಿಂದ ಬೇರೆಯಾದ ಲೈನ್) ಇರುವ ಕಡೆ ಸಮಸ್ಯೆ ಕಡಿಮೆ. ತೋಟದ ಮನೆಯಾದರೆ ಪಂಪುಗಳ ಜೊತೆಗೇ ಇರಬೇಕು, ಅದೂ ಕಬ್ಬಿನ ಸೀಮೆಯಲ್ಲಿ. ಸ್ಟೆಬಿಲೈಸರ್ ಎಂದು ಓಡಬೇಡಿ. ಬಿದ್ದ ವೋಲ್ಟೇಜನ್ನು ಎತ್ತಲು ಅದು ಲೈನಿನಿಂದ ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ, ಅದೇ ಟ್ರಾನ್ಸ್‌ಫಾರ್ಮರಿನಲ್ಲಿರುವ (ಟಿಸಿ) ಪಕ್ಕದ ಮನೆಯ ದೀಪ ಮತ್ತಷ್ಟು ಮಂಕಾಗುತ್ತದೆ. ಮೊದಲು ಮಾಡಬೇಕಾದ್ದು, ಚಾರ್ಜರಿನಲ್ಲೋ ಕಾರಿನ ಪರದೆಯಲ್ಲೋ ಆಂಪ್ ಇಳಿಸುವ ಆಯ್ಕೆ ಇದ್ದರೆ 10ಕ್ಕೆ ಇಳಿಸಿ, ರಾತ್ರಿ 11ರ ನಂತರ ಶುರುವಾಗುವಂತೆ ಟೈಮರ್ ಇಡುವುದು. ಬೆಳಗಿನ ಐದರ ತನಕ 2 ಕಿಲೋವ್ಯಾಟ್‌ನಂತೆ 12 ಯೂನಿಟ್, ಎಂದರೆ ಸುಮಾರು 70 ಕಿ.ಮೀ. ಮಂಡ್ಯಕ್ಕೆ ಹೋಗಿಬರಲು ಸಾಕು. ಅಷ್ಟಕ್ಕೂ ಬಗ್ಗದಿದ್ದರೆ 5 ಕೆವಿಎ ಸ್ಟೆಬಿಲೈಸರ್. ಜೊತೆಗೆ 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಟಿಸಿ ದೊಡ್ಡದು ಮಾಡಿ ಎಂದು ಕೇಳುವ ದಿನ ಆ ನಂಬರುಗಳು ಕೆಲಸಕ್ಕೆ ಬರುತ್ತವೆ.

ಮಳೆಯಲ್ಲಿ ಚಾರ್ಜ್ ಮಾಡಬಹುದೆ?
– ನಾಗಮಂಗಲ

ಗನ್ನಿಗೂ (ಕಾರಿಗೆ ಸಿಕ್ಕಿಸುವ ಕೇಬಲ್ಲಿನ ತುದಿ) ಕಾರಿನ ಪೋರ್ಟಿಗೂ ಮಳೆಯ ಭಯ ಇಲ್ಲ. ಭಯ ಗೋಡೆಯ ಸಾಕೆಟ್ಟಿನದು, ನೆಲದ ಮೇಲೆ ಬಿದ್ದಿರುವ ಚಾರ್ಜರ್ ಡಬ್ಬಿಯದು. ಅವೆರಡೂ ಸೂರಿನ ಕೆಳಗಿರಲಿ, ಡಬ್ಬಿಯನ್ನು ಮೊಳೆಗೆ ತೂಗುಹಾಕಿ. ಜೋರು ಸಿಡಿಲಿದ್ದರೆ ಪ್ಲಗ್ ತೆಗೆದಿಡಿ.

ಕಂಪನಿಯವರು 489 ಕಿ.ಮೀ. ಎನ್ನುತ್ತಾರೆ, ಬ್ಯಾಟರಿ 45 ಕಿಲೋವ್ಯಾಟ್ ಅವರ್. ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು ನಡುವೆ ಚಾರ್ಜ್ ಬೇಕೆ?
– ವಿಜಯನಗರ, ಮೈಸೂರು

ಬೇಕಾ ಬೇಡವಾ ಎನ್ನುವುದು ನಿಮ್ಮ ಬಲಗಾಲಿನ ಮೇಲೆ. ಕಂಪನಿಯ ಅಂಕಿ ಲ್ಯಾಬಿನಲ್ಲಿ, ಕಡಿಮೆ ವೇಗದಲ್ಲಿ ಅಳೆದದ್ದು. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100ರ ಮಿತಿಯಲ್ಲೇ ಹಿಡಿದು ಓಡಿಸಿದರೆ ಕಿ.ಮೀ.ಗೆ ಸುಮಾರು 150 ವ್ಯಾಟ್ ಅವರ್ ಖರ್ಚು (ಸಾವಿರ ವ್ಯಾಟ್ ಅವರ್, ಎಂದರೆ ಒಂದು ಕಿಲೋವ್ಯಾಟ್ ಅವರ್, ಒಂದು ಯೂನಿಟ್). ಬ್ಯಾಟರಿಯಲ್ಲಿ ಶೇ 15 ಉಳಿಸಿಕೊಂಡರೆ 255 ಕಿ.ಮೀ. ಮನೆಯಿಂದ ಬೆಂಗಳೂರಿನ ನಡುಮಧ್ಯಕ್ಕೆ ಹೋಗಿಬರುವುದು ಹತ್ತಿರ ಹತ್ತಿರ 290, ಅಂದರೆ ಸಾಲದು. 80ರಲ್ಲಿ ಹೋದರೆ ಖರ್ಚು 120–125ಕ್ಕೆ ಇಳಿದು 310 ಕಿ.ಮೀ. ಬರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇಷ್ಟು ವ್ಯತ್ಯಾಸ.

118 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ 80ಕ್ಕೂ 100ಕ್ಕೂ ಇರುವ ಸಮಯದ ಅಂತರ ಹದಿನೆಂಟು ನಿಮಿಷ. ದಾರಿಯಲ್ಲಿ ಚಾರ್ಜ್‌ಗೆ ನಿಂತರೆ ಅರ್ಧ ಗಂಟೆಗೆ ಕಡಿಮೆ ಆಗುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಬೆಂಗಳೂರಿನಲ್ಲಿ ಕಾರು ಹೇಗೂ ನಿಲ್ಲುವ ಕಡೆಯೇ ಚಾರ್ಜ್ ಮಾಡುವುದು. ಮಾಲ್‌ನಲ್ಲೋ ಕಚೇರಿಯಲ್ಲೋ 7.2 ಕಿಲೋವ್ಯಾಟಿನ ಎಸಿ ಗನ್ ಸಿಕ್ಕರೆ ಎರಡು ಗಂಟೆಯಲ್ಲಿ 14 ಯೂನಿಟ್, ವಾಪಸು ಬರುವ ಚಿಂತೆ ಮುಗಿಯಿತು.

ದಾರಿಯಲ್ಲೇ ನಿಲ್ಲಬೇಕಿದ್ದರೆ ಒಂದು ಮಾತು ಗೊತ್ತಿರಲಿ. ಮ್ಯಾಪಿನಲ್ಲಿ ರಸ್ತೆಗೆ ಅಂಟಿಕೊಂಡಂತೆ ಕಾಣುವ ಚಾರ್ಜರ್‌ಗಳಲ್ಲಿ ಬಹುಪಾಲು ಇರುವುದು ಸರ್ವಿಸ್ ರಸ್ತೆಯ ಅಥವಾ ಹಳೇ ಹೆದ್ದಾರಿಯ ಹೋಟೆಲುಗಳಲ್ಲಿ. ನಡುವೆ ಬೇಲಿ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ರಾಮನಗರ–ಚನ್ನಪಟ್ಟಣ, ಬಿಡದಿ, ಎಲ್ಲಕ್ಕೂ ಬೈಪಾಸ್ ಇದೆ. ಊರು ಬರುವ ಮುಂಚೆಯೇ ಇಳಿಯದಿದ್ದರೆ ಊರೂ ಚಾರ್ಜರೂ ಪಕ್ಕದಲ್ಲೇ ಸರಿದುಹೋಗುತ್ತವೆ. ಮುಂದಿನ ದಾರಿ ಸಿಗುವುದು ಎಷ್ಟೋ ಕಿ.ಮೀ. ಆಚೆ. ಹಾಗಾಗಿ ಹೊರಡುವಾಗಲೇ ಯಾವ ಕಡೆ ಇಳಿಯಬೇಕು ಎಂದು ನೋಡಿಟ್ಟುಕೊಳ್ಳಿ, ನಿಮ್ಮ ಬದಿಯಲ್ಲೇ ಇದೆಯಾ ಎಂದೂ ನೋಡಿ. ಶೇ 10ರ ತನಕ ಕಾಯದೆ 25ಕ್ಕೇ ಇಳಿಯಿರಿ. ಮೊದಲನೆಯದು ಕೆಟ್ಟಿದ್ದರೆ ಎರಡನೆಯದಕ್ಕೆ ಹೋಗುವಷ್ಟು ಉಳಿದಿರಬೇಕು.

‘60 ಕಿಲೋವ್ಯಾಟ್’ ಎಂದು ಬರೆದ ಚಾರ್ಜರಿನಲ್ಲಿ ನಮ್ಮ ಕಾರಿಗೆ ಬಂದದ್ದು 22. ಇನ್ನೊಂದು ಕಡೆ ವಾಲೆಟ್ಟಿನಲ್ಲಿ ದುಡ್ಡು ಹೋಯಿತು, ಚಾರ್ಜ್ ಶುರುವಾಗಲೇ ಇಲ್ಲ. ಇದೇನು ಮೋಸವೆ?
– ಮದ್ದೂರು

ಮೊದಲನೆಯದು ಬಹುಮಟ್ಟಿಗೆ ಮೋಸವಲ್ಲ. ಎರಡು ಗನ್ ಇರುವ 60ರ ಚಾರ್ಜರ್‌ನಲ್ಲಿ ಪಕ್ಕದ ಗನ್ನಿಗೂ ಕಾರು ಸಿಕ್ಕಿಸಿದ್ದರೆ ತಲಾ 30. ಸಣ್ಣ ಬ್ಯಾಟರಿಯ ಕಾರುಗಳು ಒಂಟಿಯಾಗಿದ್ದರೂ 25–30ರ ಮೇಲೆ ತೆಗೆದುಕೊಳ್ಳುವುದಿಲ್ಲ. ಶೇ 80 ದಾಟಿದ ಮೇಲೆ ಯಾವ ಕಾರೇ ಆದರೂ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ಜೋರಾಗಿ ಬಂದು ನಿಂತರೆ ಬ್ಯಾಟರಿ ಬಿಸಿಯಾಗಿದ್ದೂ ಕಡಿಮೆ ಮಾಡುತ್ತದೆ. ಹಾಗಾಗಿ 20ರಿಂದ 80ರ ತನಕ ಹಾಕಿಕೊಂಡು ಹೊರಡಿ. ಕೊನೆಯ 20ಕ್ಕೆ ಹಿಡಿಯುವ ಹೊತ್ತು ಮೊದಲ 60ಕ್ಕೆ ಹಿಡಿದಷ್ಟೇ ಆಗಬಹುದು. ದಸರಾ ದಿನಗಳಲ್ಲಿ, ಶನಿವಾರ–ಭಾನುವಾರ ಹಿಂದೆ ಕಾಯುವವರೂ ಇರುತ್ತಾರೆ. 80 ಆದಮೇಲೂ ಗನ್ ಬಿಡದೆ ಊಟಕ್ಕೆ ಕೂತವರನ್ನು ಎಬ್ಬಿಸುವುದು ತಪ್ಪಲ್ಲ.

ಶುರುವಾಗದೆ ಇರುವುದಕ್ಕೆ ಸಾಮಾನ್ಯ ಕಾರಣ ಎರಡು. ಒಂದು, ಚಾರ್ಜರಿನ ಮೈಮೇಲಿರುವ ಕೆಂಪು ಎಮರ್ಜೆನ್ಸಿ ಗುಂಡಿಯನ್ನು ಯಾರೋ ಒತ್ತಿಟ್ಟು ಹೋಗಿರುತ್ತಾರೆ, ಹೆಚ್ಚಾಗಿ ಮಕ್ಕಳು. ಬಾಣದ ಗುರುತಿನ ಕಡೆಗೆ ತಿರುಗಿಸಿದರೆ ಅದು ಹೊರಗೆ ಚಿಮ್ಮುತ್ತದೆ, ಒಂದೆರಡು ನಿಮಿಷದಲ್ಲಿ ಯಂತ್ರ ಮತ್ತೆ ಎದ್ದೇಳುತ್ತದೆ. ಎರಡು, ಕೇಬಲ್ಲಿನ ಭಾರಕ್ಕೆ ಗನ್ ಕೆಳಗೆ ಜಗ್ಗಿ ಪಿನ್ನುಗಳು ಪೂರ್ತಿ ಕೂರದೆ ಇರುವುದು. ಕಾರು ಆಫ್ ಮಾಡಿ, ಗನ್ನನ್ನು ‘ಟಕ್’ ಎನ್ನುವ ತನಕ ಒತ್ತಿ, ಆಪ್‌ನಲ್ಲಿ ಸ್ಟಾರ್ಟ್ ಒತ್ತಿದ ಮೇಲೂ ಹದಿನೈದು ಇಪ್ಪತ್ತು ಸೆಕೆಂಡ್ ಕೇಬಲ್ಲನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಲಾಕ್ ಬಿದ್ದ ಸದ್ದು ಕೇಳಿಸುತ್ತದೆ. ಆಗದಿದ್ದರೆ ಗನ್ ತೆಗೆದು, ಕಾರನ್ನು ಲಾಕ್ ಮಾಡಿ ಎರಡು ನಿಮಿಷ ಬಿಟ್ಟು ಮತ್ತೆ ಮಾಡಿ. ಮೂರನೇ ಸಲವೂ ಆಗದಿದ್ದರೆ ಹೊತ್ತು ಕಳೆಯದೆ ಮುಂದಿನ ಜಾಗಕ್ಕೆ ನಡೆಯಿರಿ.

ಮುಗಿದ ಮೇಲೆ ಗನ್ ಕಚ್ಚಿಕೊಂಡರೆ ಎಳೆದಾಡಬೇಡಿ, ಕೊಕ್ಕೆ ಮುರಿಯುತ್ತದೆ. ಕೀಲಿಯಲ್ಲಿ ಕಾರನ್ನು ಅನ್‌ಲಾಕ್ ಮಾಡಿ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ಬಾನೆಟ್ಟಿನ ಅಥವಾ ಡಿಕ್ಕಿಯ ಒಳಗೆ ಕೈಯಿಂದ ಎಳೆಯುವ ದಾರ ಹಲವು ಕಾರುಗಳಲ್ಲಿ ಇರುತ್ತದೆ. ಎಲ್ಲಿದೆ ಎಂದು ಮನೆಯಲ್ಲೇ ಪುಸ್ತಕ ತೆರೆದು ನೋಡಿಟ್ಟುಕೊಳ್ಳಿ.

ದುಡ್ಡಿನ ವಿಷಯ: ಪ್ರತಿ ಕಂಪನಿಗೂ ಬೇರೆ ಆಪ್, ಬೇರೆ ವಾಲೆಟ್ ಎನ್ನುವುದು ನಿಜಕ್ಕೂ ತಲೆನೋವು. ಎಲ್ಲದರಲ್ಲೂ ಐನೂರು ಐನೂರು ಹಾಕಿಡಬೇಡಿ. ನಿಮ್ಮ ದಾರಿಯಲ್ಲಿರುವ ಎರಡು ಮೂರು ಕಂಪನಿಗೆ ಮಾತ್ರ ಹಾಕಿ, ಯುಪಿಐನಲ್ಲಿ ನೇರ ಕಟ್ಟಬಹುದಾದ ಕಡೆ ಹಾಗೇ ಕಟ್ಟಿ. ಸಿಕ್ಕಿಹಾಕಿಕೊಂಡ ದುಡ್ಡಿಗೆ ಸೆಷನ್ ನಂಬರು, ಚಾರ್ಜರ್ ಪರದೆಯ ಫೋಟೊ, ಎಷ್ಟು ಯೂನಿಟ್ ತೋರಿಸಿತು ಎನ್ನುವುದು, ಈ ಮೂರನ್ನೂ ಸೇರಿಸಿ ಆಪ್‌ನಲ್ಲೇ ದೂರು ಕೊಡಿ. ಸ್ಪಂದಿಸದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಊಟಿಗೆ ಹೋಗಬೇಕು. ಘಾಟಿಯಲ್ಲಿ ಚಾರ್ಜ್ ಎಷ್ಟು ತಿನ್ನುತ್ತದೆ?
– ನಂಜನಗೂಡು

ಮೈಸೂರು ಸಮುದ್ರಮಟ್ಟದಿಂದ 770 ಮೀಟರ್, ಊಟಿ 2,240. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಆ 1,470 ಮೀಟರ್ ಎತ್ತಲು 7 ಯೂನಿಟ್ ಚಿಲ್ಲರೆ ಬೇಕು, ಮೋಟಾರಿನ ನಷ್ಟ ಸೇರಿದರೆ ಎಂಟು ದಾಟುತ್ತದೆ. ಗೂಡಲೂರಿನ ಮೇಲಾಗಲಿ, ಮಸಿನಗುಡಿ–ಕಲ್ಹಟ್ಟಿಯ 36 ತಿರುವಿನಲ್ಲಾಗಲಿ, ಏರುವ ಎತ್ತರ ಒಂದೇ, ಅದಕ್ಕೆ ತೆರುವ ಯೂನಿಟ್ಟೂ ಒಂದೇ. ಗೂಡಲೂರಿನ ದಾರಿಯ ಸುಮಾರು 155 ಕಿ.ಮೀ.ಗೆ 19–20 ಯೂನಿಟ್ ಸೇರಿಸಿದರೆ ಒಟ್ಟು 28. 45ರ ಬ್ಯಾಟರಿ ತುಂಬಿಸಿಕೊಂಡು ಹೊರಟವರು ಶೇ 35ರ ಮೇಲೆ ಉಳಿಸಿಕೊಂಡು ತಲುಪುತ್ತಾರೆ. 30ರ ಬ್ಯಾಟರಿಯವರು ಮಾತ್ರ ಹಾಗೇ ಹೋಗುವಂತಿಲ್ಲ. ಗುಂಡ್ಲುಪೇಟೆ ಒಳಗೇ ಚಾರ್ಜ್ ಮುಗಿಸಿಕೊಳ್ಳಬೇಕು, ಆಮೇಲೆ ಕಾಡು. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ ಎನ್ನುವುದನ್ನೂ ಚಾರ್ಜಿಂಗ್ ಹೊತ್ತಿನ ಲೆಕ್ಕದಲ್ಲಿ ಸೇರಿಸಿ.

ಇಳಿಯುವಾಗ ರೀಜೆನ್‌ನಿಂದ (ವೇಗ ತಗ್ಗಿಸುವಾಗ ಮೋಟಾರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುವುದು) ಅರ್ಧಕ್ಕಿಂತ ಹೆಚ್ಚು ವಾಪಸು ಬರುತ್ತದೆ, ನಾಲ್ಕು ಯೂನಿಟ್ ಮೇಲೆ. ಆದರೆ ಊಟಿಯ ಹೋಟೆಲಿನಲ್ಲಿ ಶೇ 100 ತುಂಬಿಸಿಕೊಂಡು ಇಳಿದರೆ ಆ ಕರೆಂಟ್ ಹೋಗಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ರೀಜೆನ್ ಕೆಲಸ ಮಾಡುವುದಿಲ್ಲ, ಪೂರ್ತಿ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಘಾಟಿಯಲ್ಲಿ ಬ್ರೇಕ್ ಕಾಯಿಸಿಕೊಳ್ಳುವುದು ಎಷ್ಟು ಅಪಾಯ ಎಂದು ಹೇಳಬೇಕಿಲ್ಲ. 80–85ಕ್ಕೆ ನಿಲ್ಲಿಸಿ, ರೀಜೆನ್ ಹೆಚ್ಚಿನ ಹಂತದಲ್ಲಿಟ್ಟು ಇಳಿಯಿರಿ.

ಅಗ್ರಹಾರದ ಕಡೆ ಹಳೇ ಬಾಡಿಗೆ ಮನೆ. ಕಾರು ರಸ್ತೆಯಲ್ಲೇ ನಿಲ್ಲಬೇಕು. ಹೊರಗೆಲ್ಲಾದರೂ ಚಾರ್ಜ್ ಮಾಡಿಕೊಂಡರಾಯಿತು ಎಂದು ಎಲೆಕ್ಟ್ರಿಕ್ ತೆಗೆದುಕೊಳ್ಳಬಹುದೆ?
– ಮೈಸೂರು

ಸದ್ಯಕ್ಕೆ ಬೇಡ. ಫುಟ್‌ಪಾತ್ ದಾಟಿಸಿ ವೈರ್ ಎಳೆಯುವುದು ನಡೆಯುವವರಿಗೂ ನಿಮಗೂ ಅಪಾಯ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ ಎಂದರೆ ಕಿ.ಮೀ.ಗೆ ಮೂರೂವರೆ ರೂಪಾಯಿ ಹತ್ತಿರ. ಮನೆಯಲ್ಲಾದರೆ ಒಂದು. ಪೆಟ್ರೋಲಿಗಿಂತ ಆಗಲೂ ಅಗ್ಗವೇ, ಆದರೆ ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಕಾಯಬೇಕು, ಬೇರೆಯವರು ಕಾರು ಅಡ್ಡ ನಿಲ್ಲಿಸಿದ್ದರೆ ಅದೂ ಇಲ್ಲ. ಕೆಲಸದ ಜಾಗದಲ್ಲಿ ದಿನವಿಡೀ ಸಿಗುವ ಒಂದು 16 ಆಂಪ್ ಪಾಯಿಂಟ್ ಲಿಖಿತವಾಗಿ ಒಪ್ಪಿಸಿಕೊಂಡರೆ ಮಾತ್ರ ಧೈರ್ಯವಾಗಿ ಕೊಳ್ಳಿ.

ಮಗನ ಮನೆಗೆ ಅಮೆರಿಕಕ್ಕೆ ಎರಡು ತಿಂಗಳು ಹೋಗುತ್ತಿದ್ದೇವೆ. ಕಾರನ್ನು ಚಾರ್ಜಿಗೆ ಹಾಕಿಟ್ಟೇ ಹೋಗಬೇಕೆ?
– ಅಶೋಕನಗರ, ಮಂಡ್ಯ

ಹಾಕಿಡಬೇಡಿ. ದೊಡ್ಡ ಬ್ಯಾಟರಿಯನ್ನು ಶೇ 50–60ಕ್ಕೆ ಬಿಟ್ಟು ಪ್ಲಗ್ ತೆಗೆಯಿರಿ, ಎರಡು ತಿಂಗಳಿಗೆ ಅದು ಹೆಚ್ಚೇನೂ ಇಳಿಯುವುದಿಲ್ಲ. ಕೈಕೊಡುವುದು ಬಾನೆಟ್ಟಿನ ಕೆಳಗಿರುವ 12 ವೋಲ್ಟಿನ ಸಣ್ಣ ಬ್ಯಾಟರಿ. ಆಪ್ ಕನೆಕ್ಷನ್, ಅಲಾರಂ ಎಲ್ಲ ಅದನ್ನೇ ಚೂರುಚೂರಾಗಿ ಹೀರುತ್ತವೆ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ ಎಷ್ಟಿದ್ದರೂ ಕಾರು ‘ರೆಡಿ’ ಆಗುವುದಿಲ್ಲ, ಚಾರ್ಜಿಗೂ ಒಪ್ಪುವುದಿಲ್ಲ. ಕೀಲಿ ಕೊಡಬಹುದಾದ ನೆಂಟರಿದ್ದರೆ ಎರಡು ವಾರಕ್ಕೊಮ್ಮೆ ಕಾರನ್ನು ‘ರೆಡಿ’ಯಲ್ಲಿ ಅರ್ಧ ಗಂಟೆ ಇಡಲು ಹೇಳಿ, ಆಗ ದೊಡ್ಡದರಿಂದ ಸಣ್ಣದು ತುಂಬಿಕೊಳ್ಳುತ್ತದೆ. ಯಾರೂ ಇಲ್ಲವೆಂದರೆ ಪುಸ್ತಕದಲ್ಲಿ ಅವಕಾಶ ಇದೆಯೇ ಎಂದು ನೋಡಿ, 10 ನಂಬರ್ ಸ್ಪ್ಯಾನರಿನಲ್ಲಿ ಅದರ ಮೈನಸ್ ಟರ್ಮಿನಲ್ ಬಿಚ್ಚಿಡಿ. ಹಾಗೆ ಮಾಡುವುದಾದರೆ ಕೀಲಿಯೊಳಗಿನ ಲೋಹದ ಚಾವಿಯಿಂದ ಬಾಗಿಲು ತೆರೆಯುತ್ತದಾ ಎಂದು ಬಿಚ್ಚುವ ಮುಂಚೆಯೇ ನೋಡಿಕೊಳ್ಳಿ. ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ.